ಕುಂಕುಮ ಹಚ್ಚಿದ ಫ್ಲಾಪಿ, ಕಾಣೆಯಾದ ನಲವತ್ತೊಂದು ದೋಣಿ

ದೋಣಿ ನೋಂದಣಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಿಮಗೂ, ನಿಮಗಿಂತ ತಂಪಾದ ಕೋಣೆಯಲ್ಲಿ ಕೂತಿರುವ ನಿಮ್ಮ ಕಂಪ್ಯೂಟರಿಗೂ ನಮಸ್ಕಾರ. ನನ್ನ ದೂರು ಒಂದೇ. ಓದಲು ಬಾರದ ಫೈಲನ್ನು ನಿಮ್ಮ ಕಚೇರಿ ಖಾಲಿ ಫೈಲೆಂದು ತಿಳಿಯುತ್ತದೆ. ಹಾಗೆ ತಿಳಿದು ಕಳೆದ ನವೆಂಬರಿನಲ್ಲಿ, ಎಂಜಿನ್ ಕೆಟ್ಟು ಸಮುದ್ರದಲ್ಲಿ ತೇಲುತ್ತಿದ್ದ ಒಂದು ದೋಣಿಯನ್ನು ಹುಡುಕಲು ನೀವು ಒಂದಿಡೀ ದಿನ ಒಪ್ಪಲಿಲ್ಲ. "ಕಂಪ್ಯೂಟರಿನಲ್ಲೇ ಇಲ್ಲದ ದೋಣಿಯನ್ನು ಎಲ್ಲಿ ಹುಡುಕುವುದು?" ಎಂದು ಕೇಳಿದಿರಿ. ಸಮುದ್ರದಲ್ಲಿ ಹುಡುಕಬಹುದಿತ್ತು, ಮಾನ್ಯರೇ. ಅದು ನಿಮ್ಮ ಕಿಟಕಿಯಿಂದ ಕಾಣುತ್ತದೆ.

ನನ್ನ ಪರಿಚಯ ನಿಮಗೆ ಬೇಕಿಲ್ಲ, ಈ ಬಹಿರಂಗ ಪತ್ರ ಓದುವವರಿಗೆ ಬೇಕು. ಹೊನ್ನಾವರದ ಬಂದರಿನೆದುರು ಟೈಪಿಂಗ್ ತರಗತಿ ನಡೆಸುವವಳು ನಾನು. ಹುಬ್ಬಳ್ಳಿಗೆ ಹೋಗಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದೆ. ಆ ತಪ್ಪಿಗಾಗಿ ೧೯೮೮ರ ಬೇಸಿಗೆಯಲ್ಲಿ ನೀವು ನನ್ನನ್ನು ಕರೆಸಿ, ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳ ದೋಣಿಗಳ ಪಟ್ಟಿಯನ್ನು ಫ್ಲಾಪಿಗೆ ಏರಿಸಲು ಹೇಳಿದಿರಿ. ಒಟ್ಟು ನಾನ್ನೂರ ಹನ್ನೆರಡು ದೋಣಿ. ಪ್ರೋಗ್ರಾಂ ಬರೆದವಳೂ ನಾನೇ.

ಆ ಪ್ರೋಗ್ರಾಮಿನಲ್ಲಿ ಏಳು ಸಾಲಿನ ಒಂದು ಕಾವಲು ಇಟ್ಟಿದ್ದೆ. ಅದನ್ನು ಕಲಿಸಿದ್ದು ಹುಬ್ಬಳ್ಳಿಯ ಮೇಷ್ಟ್ರಲ್ಲ, ನಮ್ಮ ತರಗತಿಯ ಕಿಟಕಿಯ ಕೆಳಗೆ ಮೀನು ಎಣಿಸಿ ಲಾರಿಗೆ ಕೊಡುವ ದುರ್ಗಮ್ಮ. ಮೀನು ತಿನ್ನದ ಮನೆಯವಳು ನಾನು. ಆದರೂ ಅವಳು ಎಣಿಸುವುದನ್ನು ನೋಡುತ್ತ ಕೂರುತ್ತಿದ್ದೆ. ನೂರು ಬಂಗಡೆ ಬುಟ್ಟಿಗೆ ಬಿದ್ದರೆ ಒಂದನ್ನು ಬದಿಯ ಸಣ್ಣ ಬುಟ್ಟಿಗೆ ಹಾಕುತ್ತಿದ್ದಳು. ಎಂತಕ್ಕೆಂದು ಕೇಳಿದ್ದಕ್ಕೆ ನಕ್ಕಳು: "ದಾರೀಲಿ ಬುಟ್ಟಿ ಮಗುಚಿದ್ರೆ ಎಷ್ಟ್ ಹೋತು ಅಂದೇಳಿ ಗೊತ್ತಾಗೂದ್ ಬ್ಯಾಡ್ವ ಅಮ್ಮಾ? ಲೆಕ್ಕ ಇಲ್ದಿದ್ರೆ ಹೋದದ್ದೂ ಗೊತ್ತಾಗೂದಿಲ್ಲ." ಬೇರೆಯವರ ಬುಟ್ಟಿ ಬಂದರೆ ಮೇಲೆ ಕಟ್ಟಿದ ಚೀಟಿಯನ್ನು ಅವಳು ನಂಬುತ್ತಿರಲಿಲ್ಲ. ಕೈಹಾಕಿ ಅಡಿಯ ಮೀನೊಂದನ್ನು ಎಳೆದು, ಕಿವಿರು ಎತ್ತಿ ನೋಡುತ್ತಿದ್ದಳು.

ನಾನು ಮಾಡಿದ್ದೂ ಅಷ್ಟೇ. ಫ್ಲಾಪಿಯ ತಲೆಯಲ್ಲಿ ಒಟ್ಟು ದೋಣಿಗಳ ಸಂಖ್ಯೆ ಬರೆದಿಟ್ಟೆ. ಯಂತ್ರ ಪಟ್ಟಿಯನ್ನು ಓದುವಾಗ ಎಣಿಸಬೇಕು. ಎಣಿಕೆ ಕಡಿಮೆ ಬಂದರೆ ನಿಂತು, 'ಫೈಲು ಕೆಟ್ಟಿದೆ, ಹಳೆಯ ರಿಜಿಸ್ಟರ್ ನೋಡಿ' ಎನ್ನಬೇಕು. ಬೇರೆ ಯಾವುದೋ ಫ್ಲಾಪಿ ಹಾಕಿದರೆ 'ಇದು ದೋಣಿಗಳ ಪಟ್ಟಿಯಲ್ಲ' ಎನ್ನಬೇಕು. ನಿಮ್ಮ ಕುಮಟೆಯ ಶಾಖೆಯವರು 'ದೋಣಿ ಪಟ್ಟಿ' ಎಂದು ಚೀಟಿ ಅಂಟಿಸಿ ನೌಕರರ ಕ್ರೀಡಾಕೂಟದ ಆಮಂತ್ರಣವನ್ನು ಕಳಿಸಿದಾಗ, ಅದನ್ನು ಹಿಡಿದುಕೊಟ್ಟದ್ದು ಈ ಕಾವಲೇ. ಇಲ್ಲದಿದ್ದರೆ ಹಗ್ಗಜಗ್ಗಾಟದ ತಂಡಕ್ಕೂ ಒಂದು ದೋಣಿ ಸಂಖ್ಯೆ ಸಿಗುತ್ತಿತ್ತು.

ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯಿತು. ಯಂತ್ರ ಮೂರು ಸಲ ನಿಂತು ಮೂರು ಸಲವೂ ನಿಜ ಹೇಳಿತು. ಮೂರನೆಯ ಸಲ ಹೇಳಿದ್ದು ನಿಮ್ಮ ಮೇಲಧಿಕಾರಿಗಳ ಎದುರು. ಅವರು ಚಹಾ ಕುಡಿದು ಹೋದ ಮೇಲೆ ನೀವು ನನ್ನನ್ನು ಕರೆಸಿ ಅಂದಿರಿ: "ನೋಡಮ್ಮ, ಆಗುವುದಿಲ್ಲ ಎಂದು ಹೇಳಲು ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೊಂದು ಯಂತ್ರ ಯಾಕೆ? ಓದಲಾಗದ್ದನ್ನು ದಾಟಿ ಮುಂದೆ ಹೋಗುವ ಹಾಗೆ ಮಾಡು." ಅಬ್ಬಾ, ಆಡಳಿತದ ಗುಟ್ಟನ್ನು ಎಷ್ಟು ಚುಟುಕಾಗಿ ಹೇಳಿಬಿಟ್ಟಿರಿ!

ಅಂದು ಮನೆಗೆ ಹೋಗಿ ಅಪ್ಪಯ್ಯನಿಗೆ ಹೇಳಿದೆ. ಅವನ ಎರಡೂ ಕಣ್ಣಿಗೆ ಪೊರೆ ಬಂದಿದೆ. "ಓದುಲೆ ಬತ್ತಿಲ್ಲೆ ಹೇಳುದೂ, ಇಲ್ಲೆ ಹೇಳುದೂ ಒಂದೇನ ಮಗಳೇ? ನಂಗೆ ಪೇಪರ್ ಓದುಲೆ ಆಗ್ತಿಲ್ಲೆ. ಹಾಂಗಂತ ಪೇಪರಲ್ಲಿ ಸುದ್ದಿಯೇ ಇಲ್ಲೆ ಹೇಳಿ ಹೇಳ್ತ್ನ?" ಅಂದ. ನಿಮ್ಮ ಕಚೇರಿಯಲ್ಲಿ ಅವನಿಗೆ ಕೆಲಸ ಸಿಗುತ್ತಿರಲಿಲ್ಲ.

ಆಮೇಲೆ ಆಯುಧ ಪೂಜೆ ಬಂತು. ನಿಮ್ಮ ಹೆಡ್ ಕ್ಲಾರ್ಕ್ ಲಿಂಗಪ್ಪನವರು ಭಕ್ತಿವಂತರು. ಸೈಕಲ್ಲಿಗೆ, ಸ್ಟ್ಯಾಪ್ಲರಿಗೆ, ಮೊಹರಿಗೆ ಹಚ್ಚಿದ ಹಾಗೆಯೇ ಫ್ಲಾಪಿಗೂ ಗಂಧ ಕುಂಕುಮ ಹಚ್ಚಿದರು. ಹಚ್ಚಲು ಸರಿಯಾದ ಜಾಗವೂ ಸಿಕ್ಕಿತು: ಯಂತ್ರ ಯಾವ ಸಣ್ಣ ಸೀಳಿನ ಮೂಲಕ ಓದುತ್ತದೋ, ಅಲ್ಲೇ. ಅವರನ್ನು ನಾನು ಬೈಯುವುದಿಲ್ಲ. ಆಯುಧ ಎಂದಮೇಲೆ ಪೂಜೆ ಮಾಡದೆ ಬಿಡಲಾಗುತ್ತದೆಯೇ? ಪಂಚಕಜ್ಜಾಯ ನಾನೂ ತಿಂದಿದ್ದೇನೆ. ಮರುದಿನ ಯಂತ್ರ ಕುಂಕುಮವನ್ನೆಲ್ಲ ವಿಧೇಯವಾಗಿ ದಾಟಿ ಮುಂದೆ ಹೋಯಿತು. ನಾನ್ನೂರ ಹನ್ನೆರಡು ದೋಣಿ ಮುನ್ನೂರ ಎಪ್ಪತ್ತೊಂದಾದವು. ಒಂದು ಬಿರುಗಾಳಿಗೂ ಸಾಧ್ಯವಾಗದ್ದನ್ನು ಒಂದು ಚಿಟಿಕೆ ಕುಂಕುಮ ಮಾಡಿತು, ಯಾರೂ ಗಮನಿಸಲಿಲ್ಲ. ಹಳೆಯ ರಿಜಿಸ್ಟರನ್ನಂತೂ, ಇನ್ನು ಬೇಡವೆಂದು ನೀವು ಕುಮಟೆಯ ಗೋದಾಮಿಗೆ ಸಾಗಿಸಿ ಆಗಿತ್ತು.

ನವೆಂಬರಿನ ಒಂದು ಮಂಗಳವಾರ ದುರ್ಗಮ್ಮನ ಮಕ್ಕಳಾದ ಸುಬ್ಬ ಮತ್ತು ಮಂಜ ಹೊನ್ನಾವರದ ಪಕ್ಕದ ಕಾಸರಕೋಡಿನಿಂದ ದೋಣಿ ಬಿಟ್ಟರು. ಬುಧವಾರ ಸಂಜೆಗೆ ಬರಬೇಕಾದವರು ಬರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ನಿಮ್ಮ ಬಾಗಿಲಲ್ಲಿದ್ದಳು. ನನ್ನನ್ನೂ ಎಳೆದುಕೊಂಡು ಬಂದಿದ್ದಳು. ವೈರ್‌ಲೆಸ್ಸಿನಲ್ಲಿ ದೋಣಿಯ ಸಂಖ್ಯೆ, ಬಣ್ಣ ತಿಳಿಸಿದರೆ ಎಲ್ಲ ಬಂದರಿನವರೂ ಹುಡುಕಲು ಹೊರಡುತ್ತಾರೆ. ಅಷ್ಟು ಮಾಡಿದ್ದರೆ ಸಾಕಿತ್ತು. ನೀವು ಯಂತ್ರವನ್ನು ಕೇಳಿದಿರಿ. 'ನೋ ಸಚ್ ಬೋಟ್' ಎಂದು ಹಸಿರು ಅಕ್ಷರ ಮೂಡಿತು. ಅವಳಿಗೆ ಕನ್ನಡದಲ್ಲಿ ತಿಳಿಸಿದಿರಿ.

"ಅದ್ರಲ್ಲಿ ಇಲ್ದಿದ್ರೆ ಎಂತ ಆತು ಸಾಹೇಬ್ರೆ, ಸಮುದ್ರದಲ್ಲಿ ಅದೆಯಲ್ಲ!" ಅಂದಳು ದುರ್ಗಮ್ಮ.

ಫ್ಲಾಪಿ ಕೆಟ್ಟಿದೆ, ರಿಜಿಸ್ಟರ್ ತರಿಸಿ ಎಂದು ನಾನು ಬಡಿದುಕೊಂಡೆ. ಕುಮಟೆಗೆ ಪತ್ರ ಬರೆಯುತ್ತೇವೆ ಅಂದಿರಿ. ಗೋದಾಮಿನ ಕೀಲಿಯವರು ರಜೆಯಲ್ಲಿದ್ದಾರೆ ಅಂದಿರಿ. ಇಲ್ಲದ ದೋಣಿಗೆ ವೈರ್‌ಲೆಸ್ ಕಳಿಸಿದರೆ ನಾಳೆ ಆಡಿಟ್‌ನವರಿಗೆ ಯಾರು ಉತ್ತರ ಕೊಡುವುದು ಎಂದೂ ಕೇಳಿದಿರಿ.

ಶುಕ್ರವಾರ ಲಿಂಗಪ್ಪನವರೇ ಕಣ್ಣೀರು ಹಾಕಿಕೊಂಡು ನನ್ನ ಜೊತೆ ಮೊದಲ ಬಸ್ಸಿಗೆ ಕುಮಟೆಗೆ ಬಂದರು. ಬೀಗ ಒಡೆದೆವು. ರಿಜಿಸ್ಟರಿನ ಅಂಚು ಗೆದ್ದಲು ತಿಂದಿತ್ತು, ಆದರೆ ತಿಂದ ಜಾಗ ತೂತಾಗಿ ಕಣ್ಣಿಗೆ ಕಾಣುತ್ತಿತ್ತು. ಅರುವತ್ತೊಂದನೆಯ ಪುಟದಲ್ಲಿ ಸುಬ್ಬನ ದೋಣಿ ಇತ್ತು, ನೀಲಿ ಬಣ್ಣ, ಕೆಂಪು ಪಟ್ಟಿ. ಹನ್ನೆರಡು ಗಂಟೆಗೆ ವೈರ್‌ಲೆಸ್ ಹೋಯಿತು. ಎರಡು ಗಂಟೆಗೆಲ್ಲ ಭಟ್ಕಳದ ದೋಣಿಯವರು ಮುರ್ಡೇಶ್ವರದ ಆಚೆ ಅದನ್ನು ಕಂಡುಹಿಡಿದರು.

ದೋಣಿಯಲ್ಲಿ ಮಂಜ ಒಬ್ಬನೇ ಇದ್ದ. ಗುರುವಾರ ಮೂರು ಗಂಟೆಯ ಹೊತ್ತಿಗೆ ದೂರದಲ್ಲೊಂದು ಟ್ರಾಲರ್ ಕಂಡಿತಂತೆ. ಕೂಗಿದರೆ ಕೇಳಿಸಲಿಲ್ಲ. ಖಾಲಿ ಡೀಸೆಲ್ ಕ್ಯಾನನ್ನು ಕಂಕುಳಲ್ಲಿ ಹಿಡಿದು ಸುಬ್ಬ ಅದರತ್ತ ಈಜಿದ. ಅವನು ಇನ್ನೂ ಸಿಕ್ಕಿಲ್ಲ. ವೈರ್‌ಲೆಸ್ ಗುರುವಾರ ಹತ್ತಕ್ಕೇ ಹೋಗಿದ್ದರೆ ಎಂದುಕೊಂಡು, ಅದಕ್ಕೆ ಎರಡು ಗಂಟೆ ಕೂಡಿಸಿ ನೋಡಿ. ನಾನು ದಿನಾ ಕೂಡಿಸುತ್ತೇನೆ.

ಡಿಸೆಂಬರಿನಲ್ಲಿ ದುರ್ಗಮ್ಮನಿಗೆ ನಿಮ್ಮ ಪತ್ರ ಬಂತು: 'ಸದರಿ ದೋಣಿಯು ದಾಖಲೆಯಲ್ಲಿ ಇಲ್ಲದ ಕಾರಣ ವಿಚಾರಣೆ ಮುಕ್ತಾಯಗೊಂಡಿದೆ.' ಓದಿ ಹೇಳಿದವಳು ನಾನೇ. ದುರ್ಗಮ್ಮ ಪತ್ರವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ, "ನಂಗೆ ಮತ್ತೆಂತದೂ ಬ್ಯಾಡ ಅಮ್ಮಾ. ದೋಣಿ ಇತ್ತು ಅಂದೇಳಿ ಬರೆಸಿ ಕೊಡಿ. ಸಾಕು," ಅಂದಳು.

ಆದ್ದರಿಂದ, ಮಾನ್ಯರೇ, ಅದನ್ನು ಬರೆದು ಕೊಡಿ: ದೋಣಿ ಇತ್ತು, ನಮಗೆ ಓದಲು ಬರಲಿಲ್ಲ. ಮೊಹರು ಒತ್ತಿ, ನೀವೇ ಹೋಗಿ ಅವಳ ಕೈಗೆ ಕೊಡಿ. ಉಳಿದ ನಲವತ್ತು ದೋಣಿಗಳ ಜನ ಈಗಲೂ ದಿನಾ ಸಮುದ್ರಕ್ಕೆ ಹೋಗುತ್ತಿದ್ದಾರೆ. ಹಾಗಾಗಿ ಆ ಏಳು ಸಾಲನ್ನು ಸೋಮವಾರವೇ ನಾನು ವಾಪಸು ಹಾಕಬೇಕು, ಬಾಗಿಲು ತೆರೆದಿಡಿ. ಆ ಸಾಲುಗಳು ದುರ್ಗಮ್ಮನವು. ಅವುಗಳನ್ನು ಅಳಿಸಿದಾಗ ಅದು ನನಗೆ ಗೊತ್ತಿತ್ತು. ಅಳಿಸಿದ್ದು ನಾನೆಂದು ಅವಳಿಗೆ ಇನ್ನೂ ಹೇಳಿಲ್ಲ.

ಇಂತಿ,
ನೀವು ತೆಗೆ ಅಂದಾಗ ತುಟಿಪಿಟಕ್ಕೆನ್ನದೆ ತೆಗೆದವಳು,
ಸುಮತಿ
ಹೊನ್ನಾವರ, ಜನವರಿ ೧೯೮೯