ಹೃದಯದಲ್ಲಿ ಬರೆದ ಆಜ್ಞೆ

ಕಲ್ಯಾಣಪುರ, ನವೆಂಬರ್ ೨೦೦೩

ಇದಿನಬ್ಬ ಮಾಸ್ಟ್ರೇ,

ಇವತ್ತು ಕಾಪುವಿನಲ್ಲಿ ನಿಮ್ಮನ್ನು ಮಣ್ಣು ಮಾಡಿ ಬಂದೆವು.

ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಯಾವಾಗಲೂ ಒಂದೇ ಜಗಳ. ಒಳ್ಳೆಯದು ಯಾವುದೆಂದು ದೇವರು ಪ್ರತಿ ಮನುಷ್ಯನ ಹೃದಯದಲ್ಲೇ ಬರೆದಿದ್ದಾನೆ, ಬುದ್ಧಿ ಇದ್ದವನಿಗೆ ಅಷ್ಟು ಸಾಕು ಎಂದು ಪಾದ್ರಿಯಾಗಲು ಹೋಗಿ ಸೆಮಿನರಿಯಲ್ಲಿ ಕಲಿತದ್ದನ್ನು ನಾನು ಹೇಳುತ್ತಿದ್ದೆ. "ಬರೆದದ್ದು ಹೌದು ಲಿಗೋರಿಯವರೇ, ನಾವು ಅದನ್ನು ಫಿತ್ರ ಅಂತೇವೆ. ಆದರೆ ಹೃದಯಕ್ಕೆ ತುಕ್ಕು ಹಿಡಿಯುತ್ತದೆ ಅಲ್ವಾ? ಅದಕ್ಕೇ ಅಲ್ಲಾಹನ ಆಜ್ಞೆ ಬೇಕು," ಎಂದು ನೀವು ನಗುತ್ತಿದ್ದಿರಿ.

ನಿನ್ನೆ ಸಂತೆಕಟ್ಟೆಯಲ್ಲಿ ಲಾರಿ ಬಡಿದು ಯಾರೋ ರಸ್ತೆಯಲ್ಲಿ ಬೋರಲು ಬಿದ್ದಿದ್ದರು. ಜನರ ಸಂದಿಯಿಂದ ಬೆನ್ನು ಮಾತ್ರ ಕಂಡಿತು. ಒಬ್ಬ ಎತ್ತಲು ಬಗ್ಗಿದ. "ಮುಟ್ಟಬೇಡಿ ಮಾರಾಯ್ರೆ, ಪೊಲೀಸ್ ಕೇಸ್ ಆಗ್ತದೆ," ಎಂದದ್ದು ನಾನು. ಅವನು ಕೈ ಹಿಂದೆ ತೆಗೆದ. ನನ್ನ ಬುದ್ಧಿ ಅಷ್ಟು ಚುರುಕಾಗಿ ಕೆಲಸ ಮಾಡಿತು. ಬಸ್ಸು ಬಂತು, ಹತ್ತಿದೆ. ಅದು ನೀವು ಎಂದು ಗೊತ್ತಾದದ್ದು ಸಂಜೆ.

ಮುಖ ಕಂಡಿದ್ದರೆ ನಾನೇ ಎತ್ತುತ್ತಿದ್ದೆ ಎಂದು ಇಲ್ಲಿ ಬರೆದು ಹೊಡೆದು ಹಾಕಿದೆ. ಅದು ಇನ್ನೂ ಕೆಟ್ಟ ಮಾತು.

ಖಬರಿನ ಗುಂಡಿಯ ಬದಿಯಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನಮ್ಮಲ್ಲೂ ಮಣ್ಣು ಹಾಕುವುದುಂಟು. ಆದರೂ ನಾನು ಹಿಂದೆಯೇ ನಿಂತಿದ್ದೆ. ನಿಮ್ಮ ಮಗ ಸಿರಾಜ್ ಕೈ ಹಿಡಿದು ನನ್ನನ್ನು ಮುಂದೆ ಕರೆತಂದ. ಅಳುತ್ತಾ ಹೇಳಿದ: "ಅಷ್ಟು ಜನ ನೋಡುತ್ತಾ ನಿಂತಿದ್ದರಂತೆ ಸರ್. ನಿಮ್ಮಂಥವರು ಒಬ್ಬರು ಅಲ್ಲಿ ಇದ್ದಿದ್ದರೆ ಸಾಕಿತ್ತು."

ನಾನು ಮಣ್ಣು ಹಾಕಿದೆ. ಮೂರು ಹಿಡಿಯೂ.