ಬಿಳಿಗಾಲಿಯ ಒಳಬಿಸಿ

ಶಾಲಿವಾಹನ ಶಕ ೨೨೧೩, ಜ್ಯೇಷ್ಠ ಮಾಸ
ಕೋಲಾರದ ಹಳೆಯ ಚಿನ್ನದ ಗಣಿ, ಎರಡನೇ ಅಂತಸ್ತು

ಹಿರಿಯರೇ,

ತಾರೀಖು ನೋಡಿ ನಗಬೇಡಿ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮನೆಯಲ್ಲಿ ಸಾವಾದ ಹನ್ನೊಂದನೇ ದಿನ ಹಿಂದಿನವರಿಗೊಂದು ಕಾಗದ ಬರೆದು ಪಾಳು ಸುರಂಗಕ್ಕೆ ಬಿಡುವುದು ನಮ್ಮ ಪದ್ಧತಿ. ಎಲ್ಲರೂ ತಮ್ಮ ಮುತ್ತಜ್ಜಂದಿರಿಗೆ ಬರೆಯುತ್ತಾರೆ. ನಾನು ನಿಮಗೆ, ಪ್ಲಾಸ್ಟಿಕ್ಕಿನ ಹಲ್ಲುಗಾಲಿ ಮಾಡಿದವರಿಗೆ, ಬರೆಯುತ್ತಿದ್ದೇನೆ. ಹೋದವರು ನನ್ನ ಯಜಮಾನರು, ಓಬಳಯ್ಯ. ಅವರ ಸಾವಿಗೆ ನನ್ನ ಕೈಯೇ ಕಾರಣ.

ಮೇಲಿನ ನೆಲ ಬೇಸಿಗೆಯಲ್ಲಿ ಕಾದ ಕಾವಲಿ. ಹಾಗಾಗಿ ಯುಗಾದಿಯಿಂದ ಮಳೆ ಬೀಳುವ ತನಕ ನಾವು ನೂರಿಪ್ಪತ್ತು ಜನ ಗಣಿಯೊಳಗೇ ಇರುತ್ತೇವೆ. ರಾಗಿ ಬೀಸುವುದು, ಮುದ್ದೆ ತಿರುವುವುದು, ಮದುವೆ, ಜಗಳ ಎಲ್ಲ ಇಲ್ಲೇ. ಮೇಲಿನ ಗಾಳಿಯನ್ನು ಕೆಳಕ್ಕೆ ತಳ್ಳುವುದು ಉಸಿರುಗಾಲಿ. ಇಬ್ಬರು ಕೂತು ತುಳಿದರೆ ಒಂದು ಜೋಡಿ ಹಲ್ಲುಗಾಲಿ ತಿರುಗಿ ದೊಡ್ಡ ಫ್ಯಾನನ್ನು ಸುತ್ತಿಸುತ್ತದೆ. ಜೋಡಿಯಲ್ಲಿ ದೊಡ್ಡದು ಬಿಳಿಗಾಲಿ. ನಿಮ್ಮ ಕಸದ ಗುಡ್ಡ ಅಗೆದು, ಕರಗಿಸಿ, ನೀವು ಬಿಟ್ಟುಹೋದ ಅಚ್ಚಿಗೆ ನಾವು ಹೊಯ್ದ ಪ್ಲಾಸ್ಟಿಕ್ಕು. ಚಿಕ್ಕದು ಕಬ್ಬಿಣ. ಬಿಳಿ ಹೆಣ್ಣಿಗೆ ಕರಿ ಗಂಡೇ ಆಗಬೇಕು ಎಂದು ಹಳಬರು ಹೇಳಿಹೋಗಿದ್ದರು. ಯಾಕೆ ಎಂದು ಹೇಳಿರಲಿಲ್ಲ. ಒಂದು ಸರದಿ ತುಳಿದ ಮೇಲೆ ನಿಲ್ಲಿಸಿ, ಚಿಕ್ಕ ಗಾಲಿಯ ಮೇಲೆ ಅಂಗೈಯಿಟ್ಟು ಹತ್ತು ಎಣಿಸಬೇಕು. ಕೈ ತಾಳದಿದ್ದರೆ ತಂಪುಹೊತ್ತು. ಗಾಲಿ ಆರುವವರೆಗೆ ಒಲೆ ಹಚ್ಚುವಂತಿಲ್ಲ, ಓಡುವಂತಿಲ್ಲ, ಹಾಡುವಂತಿಲ್ಲ. ಎಲ್ಲರೂ ಗೋಡೆಗೊರಗಿ ಮೆಲ್ಲಗೆ ಉಸಿರಾಡುತ್ತ ಕೂರುತ್ತೇವೆ.

ಯಜಮಾನರು ನಲವತ್ತು ವರ್ಷ ಆ ಜೋಡಿಯನ್ನು ನೋಡಿಕೊಂಡವರು. "ನೂರು ತುಳುದ್ರೆ ತೊಂಬತ್ತೈದು ಗಾಳಿ ಆಯ್ತದೆ. ಮಿಕ್ಕ ಐದು ಎಲ್ಲೋಯ್ತು ಅಂತ ಕೇಳಮ್ಮಿ" ಎನ್ನುತ್ತಿದ್ದರು. ನೂರಕ್ಕೆ ಐದು ಯಾವ ಮಹಾ ಎಂದು ನಾನು ಕೇಳಲೇ ಇಲ್ಲ. ದಮ್ಮು ಹೆಚ್ಚಾಗಿ ಅವರು ಹಾಸಿಗೆ ಹಿಡಿದಾಗ ಗಾಲಿಯ ಕೆಲಸ ನನಗೆ ಬಂತು. ಹೊಸ ಗಾಳಿ ಮೊದಲು ಸಿಗಲೆಂದು ಅವರ ಚಾಪೆಯನ್ನು ಗಾಲಿಯ ಪಕ್ಕದಲ್ಲೇ ಹಾಸಿದ್ದೆ. ತುಕ್ಕು ತಿಂದ ಕಬ್ಬಿಣ ದಿನವಿಡೀ ಕಿರ್ರೋ ಎನ್ನುತ್ತಿತ್ತು. ಅವರಿಗೆ ನಿದ್ದೆ ಹತ್ತದಿರುವುದು ಈ ಸದ್ದಿಗೇ ಎಂದುಕೊಂಡು, ಕಬ್ಬಿಣ ತೆಗೆದು ಅಲ್ಲಿಗೂ ಒಂದು ಬಿಳಿಗಾಲಿ ಕೂರಿಸಿದೆ.

ಜೋಡಿ ಬೆಣ್ಣೆಯಂತೆ ತಿರುಗಿತು. ತುಳಿಯುವವರು "ಹೂವಿನಂಗೈತೆ ಅಕ್ಕಾ" ಎಂದು ಇನ್ನೂ ಬಿರುಸಾಗಿ ತುಳಿದರು. ನಾನು ಹಿಗ್ಗಿಹೋದೆ. ಯಜಮಾನರು ಮಾತ್ರ ಎದ್ದು ಕೂತರು. "ಸದ್ದಿಲ್ದಿದ್ರೆ ದಿಗ್ಲಾಯ್ತದೆ ಕಣೇ. ಕಬ್ಬಿಣ ಎಲ್ಲಿಟ್ಟೆ?"

"ಅದ್ಕೂ ನಿಮ್ಗೂ ವಯಸ್ಸಾಯ್ತು, ಸುಮ್ಕೆ ಮಲಕ್ಕಳಿ" ಎಂದು ರೇಗಿಸಿದೆ.

ಪದ್ಧತಿಯಂತೆ ಅಂಗೈಯಿಟ್ಟು ಹತ್ತು ಎಣಿಸಿದೆ. ತಣ್ಣಗಿತ್ತು. ಮುಂದಿನ ಸರದಿಗೂ ತಣ್ಣಗೇ ಇತ್ತು. ಹಾಗೆ ಮೂರು ತಂಪುಹೊತ್ತು ತಪ್ಪಿಸಿ ತುಳಿಸಿದೆ. ಮಧ್ಯಾಹ್ನ, ಅಷ್ಟೂ ಒಲೆ ಉರಿಯುತ್ತಿದ್ದಾಗ, ತುಳಿಯುವವರ ಕಾಲು ದಢಕ್ಕನೆ ಹಗುರಾಯಿತು, ಫ್ಯಾನು ನಿಂತಿತು. ಬಿಚ್ಚಿ ನೋಡಿದರೆ ಹಲ್ಲುಗಳೆಲ್ಲ ಬಿಸಿ ಬೆಲ್ಲದಂತೆ ಒಂದು ಪಕ್ಕಕ್ಕೆ ಬಾಗಿದ್ದವು. ಬೆರಳಿಟ್ಟೆ, ಸುಟ್ಟಿತು. ಕಬ್ಬಿಣವಾದರೆ ಹಲ್ಲಿನ ಬಿಸಿಯನ್ನು ಮೈಗೆಲ್ಲ ಹರಡಿ ಗಾಳಿಗೆ ಬಿಡುತ್ತದೆ, ಅಂಗೈಗೂ ತಿಳಿಸುತ್ತದೆ. ಪ್ಲಾಸ್ಟಿಕ್ಕು ಎಲ್ಲವನ್ನೂ ಹಲ್ಲಿನಲ್ಲೇ ಇಟ್ಟುಕೊಂಡಿತ್ತು. ಆ ಐದು ಬಿಸಿಯಾಗಿ ಅಲ್ಲೇ ಕೂತಿತ್ತು, ಎಲ್ಲಿಗೂ ಹೋಗಿರಲಿಲ್ಲ.

ಒಲೆಗಳಿಗೆ ನೀರು ಸುರಿದರು, ಹೊಗೆ ಇನ್ನೂ ದಟ್ಟವಾಯಿತು. ನಾನು ಕಬ್ಬಿಣ ಹುಡುಕಿ ತಂದು, ಅದಕ್ಕೊಂದು ಹೊಸ ಬಿಳಿಗಾಲಿ ಜೊತೆಮಾಡಿ ಫ್ಯಾನು ತಿರುಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಉಳಿದವರು ಕೆಮ್ಮುತ್ತ ಬದುಕಿಕೊಂಡರು. ಯಜಮಾನರ ಎದೆಗೆ ಅಷ್ಟು ಕಸುವಿರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮ್ಮಲ್ಲಿ ಒಂದೇ ಬೇಡಿಕೆ. ಹಲ್ಲುಗಾಲಿಯ ಅಚ್ಚು ಕೊರೆಯುವಾಗ ಅದರೊಳಗೆ ಅಳಿಯದಂತೆ ಎರಡು ಸಾಲು ಬರೆಯಿರಿ: ಪಕ್ಕದಲ್ಲಿ ಕಬ್ಬಿಣ ಯಾಕಿರಬೇಕು, ನಡುನಡುವೆ ಯಾಕೆ ನಿಲ್ಲಿಸಬೇಕು. ಪದ್ಧತಿ ನಮ್ಮವರೆಗೂ ಬಂತು, ಕಾರಣ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಗೊತ್ತಿದ್ದರೆ ನಾನು ಆ ಕಬ್ಬಿಣ ಮುಟ್ಟುತ್ತಿರಲಿಲ್ಲ.

ಈಗ ಅದು ತನ್ನ ಜಾಗದಲ್ಲಿದೆ, ಕಿರ್ರೋ ಎನ್ನುತ್ತಿದೆ. ಎಣ್ಣೆ ಬಿಡೋಣವೇ ಎಂದು ತುಳಿಯುವವರು ಕೇಳಿದರು, ಬೇಡವೆಂದೆ. ಯಜಮಾನರ ಚಾಪೆಯ ಮೇಲೆ ಮಲಗಿ ಕೇಳುತ್ತಿರುತ್ತೇನೆ. ನಲವತ್ತು ವರ್ಷ ಅವರಿಗೆ ನಿದ್ದೆ ಬರಿಸಿದ್ದು ಈ ಸದ್ದೇ.

ನಿಮಗಿಂತ ಚಿಕ್ಕವಳು,
ಗಾಲಿಯ ಚೌಡಕ್ಕ