ಗಾಳಿಗೆ ಗುದ್ದಿದವಳು

ಮಾರ್ಚ್ ೧೪, ಗುರುವಾರ

ಪ್ರಶಸ್ತಿಪತ್ರದಲ್ಲಿ ನನ್ನ ಹೆಸರಿನ ಕಾಗುಣಿತವೇ ತಪ್ಪಿದೆ. ಇರಲಿ, ಅನಿಲಗಳು ಬೆರೆತು ಉರಿಯುವ ವೇಗವನ್ನಾದರೂ ಸರಿಯಾಗಿ ಅಚ್ಚು ಹಾಕಿದ್ದಾರೆ.

ಆ ವೇಗವನ್ನು ಗಾಜಿನ ಫ್ಲಾಸ್ಕಿನೊಳಗೆ ಒಂಬತ್ತು ವರ್ಷ ಅಳೆದೆ. ಇವತ್ತಿನ ಅಳತೆ ನಾಳೆಗೆ ತಾಳೆಯಾಗುತ್ತಿರಲಿಲ್ಲ. "ಗಾಳಿಗೆ ಗುದ್ದಿ ಮೈ ನೋಯಿಸ್ಕೋತಿದೀಯಲ್ಲೇ" ಎಂದು ಅಣ್ಣ ರೇಗಿಸುತ್ತಿದ್ದ. ಕೊನೆಗೆ ನಮ್ಮ ಪ್ರಯೋಗಾಲಯಕ್ಕೆ ಗಾಜು ಊದಿ ಫ್ಲಾಸ್ಕ್ ಮಾಡಿಕೊಡುವವರು ಕೇಳಿದರು: "ಫ್ಲಾಸ್ಕ್ ತೊಳೆದ ದಿನಾನೇ ನಿಮ್ಮ ಅಳತೆ ಕೆಡೋದು, ನೋಡಿದೀರಾ ಮೇಡಂ?" ಆಟವಾಡಿಸುತ್ತಿದ್ದದ್ದು ಅನಿಲವಲ್ಲ, ನಾನೇ ಉಜ್ಜಿ ಉಜ್ಜಿ ತೊಳೆದ ಫ್ಲಾಸ್ಕಿನ ಒಳಗೋಡೆ; ತೊಳೆದಾಗಲೆಲ್ಲ ಅದು ಉರಿಯುವ ವೇಗವನ್ನೇ ಬದಲಿಸುತ್ತಿತ್ತು.

ಇಂದು ವೇದಿಕೆಯಲ್ಲಿ ಆ ಗಾಜು ಊದುವವರ ಹೆಸರನ್ನೇ ಮೊದಲು ಹೇಳಿದೆ. ಸಭೆಯೇ ಎದ್ದು ನಿಂತಿತು. ಎಲ್ಲರೂ ಕುಳಿತ ಮೇಲೂ ಅಣ್ಣನೊಬ್ಬ ಚಪ್ಪಾಳೆ ತಟ್ಟುತ್ತಲೇ ಇದ್ದ.

ಮನೆಗೆ ಬಂದವನೇ ಕೆಂಪಾದ ಅಂಗೈಗಳನ್ನು ನನ್ನ ಮುಂದೆ ಚಾಚಿದ.

"ನೋಡೇ, ಗುದ್ದಿದ್ದು ನೀನು, ನೋಯಿಸ್ಕೊಂಡಿದ್ದು ನಾನು."